ಮೊಸಳೆಬಾಲದ ಇನ್ನೂರ ಹನ್ನೆರಡು ಮೆಟ್ಟಿಲು

ನೆರಾಂಗ್ ಊರಿನಲ್ಲಿ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ನೋಲಾ ಪ್ರಿಚರ್ಡ್‌ಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ನರಗಳ ಕಾಯಿಲೆ ಬಂದು, ಎರಡೇ ವರ್ಷದಲ್ಲಿ ಕಾಲುಗಳು ಕೈಕೊಟ್ಟವು. ಬ್ಯಾಟರಿಯ ಗಾಲಿಕುರ್ಚಿಗೆ ಬಂದ ಮೇಲೂ ಅವಳ ಗುಣ ಬದಲಾಗಲಿಲ್ಲ. ವೇಗ ಬೇಕು, ಗಾಳಿ ಮುಖಕ್ಕೆ ಬಡಿಯಬೇಕು, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರಬೇಕು. ಆಟದ ಪಾರ್ಕುಗಳಿಗೇ ಹೆಸರಾದ ಗೋಲ್ಡ್ ಕೋಸ್ಟ್ ಕರಾವಳಿಯ ಕೂಸು ಅವಳು. ಅಲ್ಲಿಯವರು ನೆಟ್ಟಗೆ ನಡೆಯುವುದಕ್ಕೆ ಮುಂಚೆ ರೋಲರ್ ಕೋಸ್ಟರಿನಲ್ಲಿ ಕಿರುಚುವುದನ್ನು ಕಲಿತಿರುತ್ತಾರೆ.

ಹಾಗಾಗಿ ಅವಳು 'ಪೆಲಿಕನ್ ಕೋವ್' ಎಂಬ ಪಾರ್ಕಿನ ವರ್ಷದ ಪಾಸು ಕೊಂಡಳು. ಪಾರ್ಕಿನ ಜಾಹೀರಾತಿನಲ್ಲಿ ಗಾಲಿಕುರ್ಚಿಯ ಹುಡುಗಿಯೊಬ್ಬಳು ಎರಡೂ ಕೈ ಎತ್ತಿ ನಗುತ್ತಿದ್ದಳು. ಅವಳು ಯಾವ ಆಟ ಆಡಿ ಅಷ್ಟು ನಕ್ಕಳು ಎಂಬುದು ನೋಲಾಗೆ ಎಂಟು ತಿಂಗಳಾದರೂ ಪತ್ತೆಯಾಗಲಿಲ್ಲ.

ವಿನಯಕ್ಕೇನೂ ಅಲ್ಲಿ ಕೊರತೆಯಿರಲಿಲ್ಲ. ಬಾಗಿಲಲ್ಲೇ ಗಾಲಿಕುರ್ಚಿಯವರ ಮಣಿಕಟ್ಟಿಗೆ ನೀಲಿ ಪಟ್ಟಿ ಕಟ್ಟುತ್ತಿದ್ದರು. ಪಟ್ಟಿ ಇದ್ದವರು ಸಾಲಿನಲ್ಲಿ ನಿಲ್ಲಬೇಕಿಲ್ಲ. ಹೊರಗೆ ಹೋಗುವ ದಾರಿಯಿಂದ ಒಳಗೆ ಬಂದು, ಸಾಲಿನವರು ಕಾದಷ್ಟೇ ಹೊತ್ತು ಕಸದ ಡಬ್ಬಿಯ ಪಕ್ಕದಲ್ಲಿ ಕಾಯಬೇಕು. ಗಾಲಿಕುರ್ಚಿಯವರಿಗೆಂದೇ ಕಟ್ಟಿದ ವಿಶಾಲವಾದ ಶೌಚಾಲಯವಿತ್ತು. ಅಷ್ಟು ಜಾಗ ಬೇರೆಲ್ಲೂ ಇಲ್ಲವೆಂದು ಪೆಲಿಕನ್ ಹಕ್ಕಿಯ ವೇಷದ ಮೂರು ತಲೆಗಳನ್ನು ಅಲ್ಲೇ ಇಟ್ಟಿದ್ದರು.

ಒಂದು ಮಂಗಳವಾರ ನೋಲಾ ತನ್ನ ತಂಗಿ ಗ್ಲೆನಿಸ್ ಜೊತೆ 'ಮೊಸಳೆಬಾಲ'ಕ್ಕೆ ಹೋದಳು. ಪಾರ್ಕಿನಲ್ಲೇ ಅತಿ ಎತ್ತರದ ರೋಲರ್ ಕೋಸ್ಟರ್ ಅದು. ಅಲ್ಲಿಯ ಮೇಲ್ವಿಚಾರಕ ಬ್ರೋಡಿ ಸುರಕ್ಷತೆಯ ಪ್ರಶ್ನೆಗಳಿದ್ದ ನಮೂನೆ ಹಿಡಿದು ಬಂದು, ನೋಲಾಳ ತಲೆಯ ಮೇಲಿಂದ ಗ್ಲೆನಿಸ್‌ಳನ್ನು ಕೇಳಿದ.

"ಅವರಿಗೆ ಕೂತ್ಕೊಳ್ಳೋಕೆ ಆಗುತ್ತಾ?"

"ಬೆಳಗ್ಗೆಯಿಂದ ಕೂತೇ ಇದ್ದಾಳಪ್ಪ," ಎಂದಳು ಗ್ಲೆನಿಸ್. "ಅವಳನ್ನೇ ಕೇಳು, ಕಿವಿ ಚೆನ್ನಾಗಿದೆ."

ಬ್ರೋಡಿ ಕೆಂಪಗಾಗಿ ನೋಲಾಳತ್ತ ಬಾಗಿದ. "ಬಂಡಿ ಮಧ್ಯದಲ್ಲಿ ನಿಂತ್ರೆ ಇನ್ನೂರ ಹನ್ನೆರಡು ಮೆಟ್ಟಿಲು ಇಳೀಬೇಕು, ಮೇಡಂ. ನಡೆದು ಇಳಿಯೋಕಾಗದವರನ್ನ ಹತ್ತಿಸೋ ಹಾಗಿಲ್ಲ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಇಲ್ಲೀವರೆಗೆ ಎಷ್ಟು ಸಲ ನಿಂತಿದೆ?"

"ಒಂದು ಸಲನೂ ಇಲ್ಲ."

ಸಾಲಿನಲ್ಲಿದ್ದ ದಢೂತಿ ಆಸಾಮಿಯೊಬ್ಬ ಸಮಾಧಾನದ ಮಾತೆಂಬಂತೆ, "ನಿಮಗೇನಮ್ಮ, ಕ್ಯೂ ನಿಲ್ಲೋ ತಾಪತ್ರಯನೇ ಇಲ್ಲ," ಎಂದು ಒಳಗೆ ಹೋದ. ಅವನ ಹೆಸರು ವಾರಿಕ್ ಎಂಬುದು ಆಮೇಲೆ ಗೊತ್ತಾಯಿತು.

ವಾರಿಕ್ ಕೂತಿದ್ದ ಬಂಡಿ ಏರಿನ ತುತ್ತತುದಿಗೆ ಹೋಗಿ ನಿಂತಿತು. ಇಳಿಯಲೇ ಇಲ್ಲ.

ಇಪ್ಪತ್ತು ಜನ ಕಂಬಿ ಹಿಡಿದು ಕಬ್ಬಿಣದ ಮೆಟ್ಟಿಲ ಮೇಲೆ ಬಂದರು. ಕೆಲವರು ಅತ್ತರು, ಇಬ್ಬರು ಹಿಮ್ಮುಖವಾಗಿ ಇಳಿದರು. ಕೊನೆಯಲ್ಲಿ ಬಂದ ವಾರಿಕ್ ಒಂದೊಂದೇ ಮೆಟ್ಟಿಲಿಗೆ ಕುಂಡೆ ಊರುತ್ತಾ ಬಂದು, ಕೆಳಗೆ ಕುಸಿದವನಿಗೆ ಏಳಲು ಆಗಲಿಲ್ಲ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಪ್ರಥಮ ಚಿಕಿತ್ಸೆಯ ಕೋಣೆ ಪಾರ್ಕಿನ ಇನ್ನೊಂದು ತುದಿಯಲ್ಲಿತ್ತು. ಪಾರ್ಕಿಗೆ ಸೇರಿದ ಎರಡು ಗಾಲಿಕುರ್ಚಿಗಳಲ್ಲಿ ಒಂದಕ್ಕೆ ಗಾಲಿಯಿರಲಿಲ್ಲ. ಇನ್ನೊಂದನ್ನು ಯಾರೋ ತಂಪುಪಾನೀಯದ ಪೆಟ್ಟಿಗೆ ಹೊರಲು ಬಾಡಿಗೆಗೆ ಒಯ್ದಿದ್ದರು.

ಬ್ರೋಡಿ ನೋಲಾಳ ಮುಂದೆ ಬಂದು ನಿಂತ. ಅವಳ ಕುರ್ಚಿಯ ಗಾಲಿಗಳನ್ನೇ ನೋಡಿದ.

"ಕೇಳಪ್ಪ, ಕೇಳು," ಎಂದಳು ನೋಲಾ.

"ನಿಮ್ಮ ಕುರ್ಚಿ... ಹತ್ತೇ ನಿಮಿಷ, ಮೇಡಂ."

ಯಾರಾದರೂ ಅವಳ ಕಾಲು ಕಡ ಕೇಳಿದ್ದರೂ ಅಷ್ಟು ಕಳವಳವಾಗುತ್ತಿರಲಿಲ್ಲ. ಕಾಲಿನಿಂದ ಅವಳಿಗೇನೂ ಉಪಯೋಗವಿರಲಿಲ್ಲ. ಆದರೂ ವಾರಿಕ್‌ನ ಮುಖ ನೋಡಿ ಒಪ್ಪಿದಳು. ಬ್ರೋಡಿಯ ಕೈಯಿಂದ ನಮೂನೆ ಇಸಕೊಂಡು, ವಾರಿಕ್‌ನನ್ನು ಬಿಟ್ಟು ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿಯ ಕಡೆ ತಿರುಗಿದಳು.

"ಇವರಿಗೆ ಕೂತ್ಕೊಳ್ಳೋಕೆ ಆಗುತ್ತಾ?"

ಹೆಂಡತಿ ಗಂಭೀರವಾಗಿ ಹೌದೆಂದು ತಲೆಯಾಡಿಸಿದಳು. ಗ್ಲೆನಿಸ್ ನಗು ತಡೆಯಲು ಗೋಡೆಯ ಕಡೆ ಮುಖ ಮಾಡಿದಳು.

ನೋಲಾಳನ್ನು ಬೆಂಚಿಗೆ ದಾಟಿಸಿ ಕುರ್ಚಿ ಒಯ್ದರು. ಗ್ಲೆನಿಸ್ ಅದರ ಕಾವಲಿಗೆಂದು ಹಿಂದೆಯೇ ಹೋದಳು. ಹತ್ತು ನಿಮಿಷ ಐವತ್ತಾಯಿತು. ಆದರೆ ಆ ಬೆಂಚಿನ ಮೇಲೆ ವಿಚಿತ್ರವೊಂದು ನಡೆಯಿತು. ಕುರ್ಚಿಯಿಲ್ಲದ ನೋಲಾ ಏಕಾಏಕಿ ಎಲ್ಲರ ಕಣ್ಣಿಗೆ ಮನುಷ್ಯಳಾಗಿ ಕಂಡಳು. ಒಬ್ಬಳು ಬ್ಯಾಗು ನೋಡಿಕೊಳ್ಳಿ ಎಂದು ಇಟ್ಟು ಹೋದಳು. ಒಬ್ಬ ದಾರಿ ಕೇಳಿದ. ಮುದುಕಿಯೊಬ್ಬಳು ಬಂದು, "ಇಷ್ಟು ಗಟ್ಟಿಮುಟ್ಟಾಗಿದ್ದೀಯ, ಎದ್ದು ನನಗೆ ಜಾಗ ಕೊಡೋಕೆ ಏನು ಧಾಡಿ?" ಎಂದು ಬೈದಳು. ನಾಲ್ಕು ವರ್ಷದಿಂದ ಅವಳನ್ನು ಯಾರೂ ಬೈದಿರಲಿಲ್ಲ. ನೋಲಾಗೆ ಒಳಗೊಳಗೇ ಖುಷಿಯಾಯಿತು. ಕೈಯೂರಿ ಒಂದಿಷ್ಟು ಸರಿದು ಜಾಗ ಕೊಟ್ಟಳು.

ವಾರಿಕ್ ಚೇತರಿಸಿಕೊಂಡ. ಬ್ರೋಡಿ ತಂದು ಒಪ್ಪಿಸಿದ ಕುರ್ಚಿಯ ಗಾಲಿಗಳಲ್ಲಿ ಹೂವಿನ ಪಾತಿಯ ಮಣ್ಣು ಮೆತ್ತಿತ್ತು. ಎರಡು ವಾರದ ಮೇಲೆ ಪಾರ್ಕಿನಿಂದ ಪತ್ರ ಬಂತು: ಅವಳ ಸಹಕಾರಕ್ಕೆ ಕೃತಜ್ಞತೆ, ಜೊತೆಗೆ ಪರಿಷ್ಕೃತ ನಮೂನೆ. ಅದರಲ್ಲಿ ಹೊಸದೊಂದು ಸಾಲು ಸೇರಿತ್ತು. "ತುರ್ತು ಸಂದರ್ಭದಲ್ಲಿ ನಿಮ್ಮ ಗಾಲಿಕುರ್ಚಿಯನ್ನು ಇತರ ಅತಿಥಿಗಳಿಗೆ ಒದಗಿಸಲು ಒಪ್ಪುವಿರಾ?"

ಬ್ರೋಡಿ ಮಾತ್ರ ಸುಮ್ಮನಿರಲಿಲ್ಲ. ರೋಲರ್ ಕೋಸ್ಟರ್ ತಯಾರಿಸಿದವರ ಪುಸ್ತಕವನ್ನು ತೆಗೆದು ಓದಿದ. ಪಾರ್ಕಿನಲ್ಲಿ ಅದನ್ನು ಬಿಚ್ಚಿದವರಲ್ಲಿ ಅವನೇ ಮೊದಲಿಗ. ನಡೆಯಲಾಗದವರನ್ನು ಇಬ್ಬರು ಹೊತ್ತಿಳಿಸಲು ಕಲಿತಿದ್ದರೆ ಸಾಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೂರು ತಿಂಗಳ ನಂತರ ಅವನೇ ಫೋನು ಮಾಡಿದ.

"ನಾನೂ ನನ್ನ ಜೊತೆಯವನೂ ಮರಳು ಚೀಲ ಹೊತ್ಕೊಂಡು ಒಂಬತ್ತು ಸಲ ಇಳಿದಿದ್ದೀವಿ. ಚೀಲ ಎಪ್ಪತ್ತು ಕಿಲೋ. ನೀವು..."

"ಹೆಂಗಸರನ್ನ ಅದನ್ನೆಲ್ಲ ಕೇಳಬಾರದು ಕಣಪ್ಪ," ಎಂದಳು ನೋಲಾ. "ಚೀಲಕ್ಕೆ ಇನ್ನೊಂದಿಷ್ಟು ಮರಳು ತುಂಬಿಸು. ಮಂಗಳವಾರ ಬರ್ತೀನಿ."

ಮಂಗಳವಾರ ಇಬ್ಬರೂ ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಏರು ಮುಗಿದ ಕಡೆ ಸಮುದ್ರ ಕಂಡಿತು. ಬಂಡಿ ಕೆಳಗೆ ಬಿದ್ದಾಗ, ಬಸ್ಸಿನ ಮಕ್ಕಳ ಬಾಯಲ್ಲಿ ಬಂದರೆ ನಡುದಾರಿಯಲ್ಲಿ ಇಳಿಸುತ್ತೇನೆಂದು ತಾನೇ ಹೆದರಿಸುತ್ತಿದ್ದ ಪೋಲಿ ಮಾತೊಂದನ್ನು ನೋಲಾ ಊರೆಲ್ಲ ಕೇಳುವಂತೆ ಕೂಗಿದಳು. ಪಕ್ಕದಲ್ಲಿ ಗ್ಲೆನಿಸ್ ಕಣ್ಣು ಮುಚ್ಚಿ, ಇಳಿದ ಮೇಲೆ ಅಕ್ಕನ ಜೊತೆ ಮಾತು ಬಿಡುವುದೆಂದು ಆಣೆ ಹಾಕುತ್ತಿದ್ದಳು.