ಅರ್ಜಿಯ ಪೇಜು ತೆರೆಯದ ಶುಕ್ರವಾರ

ಮೊಮ್ಮಗಳ ನರ್ಸಿಂಗ್ ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕಿತ್ತು, ಅವತ್ತೇ ಕೊನೇ ದಿನ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಅಂತ, ಗಂಡಸಿಯಿಂದ ಮೊದಲ ಬಸ್ಸಿಗೇ ಅವಳನ್ನು ಹೊರಡಿಸಿಕೊಂಡು ಅರಸೀಕೆರೆಯ ಸೈಬರ್ ಸೆಂಟರಿಗೆ ಬಂದೆ. ಅಲ್ಲಿ ಕ್ರಿಕೆಟ್ಟಿನ ಪೇಜು ತೆರೆಯುತ್ತಿತ್ತು, ಸಿನಿಮಾದ್ದೂ ತೆರೆಯುತ್ತಿತ್ತು. ಅರ್ಜಿಯದು ಮಾತ್ರ ಬರಲಿಲ್ಲ. ಅಂಗಡಿಯವನು ವೈರು ಕಿತ್ತು ಸಿಕ್ಕಿಸಿದ, ಮೂರು ಸಲ ಆಫ್ ಮಾಡಿ ಆನ್ ಮಾಡಿದ. ಮೊಮ್ಮಗಳ ಕಣ್ಣಲ್ಲಿ ನೀರು. ನನಗೆ ಮೈಯೆಲ್ಲ ಉರಿ.

"ಆಟ ತೋರಿಸ್ತದೆ, ಅರ್ಜಿ ತೋರ್ಸಕ್ಕಾಗಲ್ವೇನಪ್ಪ ನಿನ್ ಕಂಪ್ಯೂಟರ್ಗೆ?" ಅಂದೆ.

"ಸುಮ್ನಿರಜ್ಜಿ, ಅವ್ರ ಕಡೇನೇ ತೊಂದ್ರೆ ಇರ್ಬೇಕು."

ರಾಹುಕಾಲಕ್ಕೆ ಇನ್ನೆಷ್ಟು ಹೊತ್ತು ಅಂತ ಪರದೆಯ ಮೂಲೆಯ ಗಡಿಯಾರ ನೋಡಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ಗಂಟೆ ನೋಡೋದು ಗೊತ್ತು. "ಬೆಳಿಗ್ಗೆ ಹತ್ತಕ್ಕೆ ಇದು ಮೂರು ಅಂತೈತಲ್ಲ?"

ಅವನು ಒತ್ತಿ ನೋಡಿದರೆ ತಾರೀಕೂ ನಾಲ್ಕು ವರ್ಷ ಹಿಂದಿನದು. "ಒಳಗಿನ ಸೆಲ್ಲು ಹೋಗೈತೆ. ತಾರೀಕು ತಪ್ಪಿದ್ರೆ ಇಂಥ ಭದ್ರತೆಯ ಪೇಜು ತೆರೆಯಲ್ಲ ಅಜ್ಜಿ," ಅಂತ ಸರಿಮಾಡಿದ. ಅರ್ಜಿ ಬಂತು. ತುಂಬಿ ಮುಗಿಸೋ ಹೊತ್ತಿಗೆ ಹನ್ನೊಂದು.

"ರಾಹುಕಾಲ ಬಂತಲ್ಲಜ್ಜಿ, ಕಳಿಸ್ಲಾ?" ಅಂದಳು ಮೊಮ್ಮಗಳು.

"ಬರ್ಲಿ ಬಿಡೇ, ಒತ್ತು."

ಅರ್ಜಿ ಸೇರಿತು ಅಂತ ಅಕ್ಷರ ಮೂಡಿತು. ಅದನ್ನು ಅವಳ ಬಾಯಲ್ಲಿ ಎರಡೆರಡು ಸಲ ಓದಿಸಿದೆ, ಸಂತೋಷ ತಡೆಯಲಾರದೆ ಅಂಗಡಿಯವನಿಗೂ ಕೈ ಮುಗಿದೆ.