ಕಣ್ಣಿನ ಕೆಳಗಿನ ಕೆಂಪು ಗೆರೆ

ಹಲವಾಗಲು ಊರಿನ ನಮ್ಮ ಬಯಲಾಟದ ಮೇಳದಲ್ಲಿ ಮೂವತ್ತು ವರ್ಷ ಎಲ್ಲರ ಮುಖಕ್ಕೂ ಬಣ್ಣ ಬರೆದವನು ಹಾಲೇಶಪ್ಪ. ನಾನು ಮದ್ದಲೆಯವನು, ಅವನಿಗಿಂತ ಎರಡು ವರ್ಷ ದೊಡ್ಡವನು. ಅವನು ಬರೆದು ಮುಗಿಸುವ ತನಕ ನಾನು ಕೈಕಟ್ಟಿ ಕೂರಬೇಕಾದ್ದರಿಂದ ಜಗಳ ಇದ್ದದ್ದೇ. ಆದರೆ ಅವನಂಥ ಕೈ ಇನ್ನೊಬ್ಬರಿಗಿರಲಿಲ್ಲ, ಒಪ್ಪಬೇಕು.

ತೊಂಬತ್ತಾರರಲ್ಲಿ ಬೆಂಗಳೂರಿನ ನಿರ್ದೇಶಕರೊಬ್ಬರು ನಮ್ಮ ಆಟ ನೋಡಿ ಅವನನ್ನು ಕರೆದೊಯ್ದರು. ಬೇರೆ ಗ್ರಹದವರ ಕಥೆಯ ಧಾರಾವಾಹಿ. ಅವರಿಗೆಲ್ಲ ಹಸಿರು ಮುಖ ಬರೆಯಬೇಕು. ಮೊದಲ ಕಂತು ಜನಕ್ಕೆ ಹಿಡಿಸಿದರೆ ಉಳಿದ ಹನ್ನೆರಡಕ್ಕೂ ಅವನೇ. ಒಂದು ಗುಟ್ಟನ್ನೂ ಹೇಳಿದ್ದರು. ಆ ಗ್ರಹದ ಸಾಧು ಮುದುಕನೇ ಕೊನೆಗೆ ಕೇಡಿಗನಾಗುತ್ತಾನೆ, ಅಲ್ಲಿಯವರೆಗೆ ನೋಡುವವರಿಗೆ ಸುಳಿವು ಸಿಗಬಾರದು.

ಅವನು ಬಣ್ಣ ಬರೆದು ಊರಿಗೆ ಮರಳಿದ ಮೇಲೆ, ಮೊದಲ ಕಂತು ಬಂದ ಭಾನುವಾರ ಬೆಳಿಗ್ಗೆ ಪಾಲಾಕ್ಷಪ್ಪನವರ ಕಲರ್ ಟಿವಿ ಮುಂದೆ ಅರ್ಧ ಊರು ಸೇರಿತ್ತು. ಹಾಲೇಶಪ್ಪ ಬಾಗಿಲಲ್ಲೇ ನಿಂತಿದ್ದ, ಎಷ್ಟು ಕರೆದರೂ ಕೂರಲಿಲ್ಲ. ಮಕ್ಕಳಿಗೆ ಹಾರುವ ಹಡಗು ಬಹಳ ಹಿಡಿಸಿತು. ಪಾಲಾಕ್ಷಪ್ಪನವರು ಮಾತ್ರ, "ಹಾಡಿಲ್ಲ, ಕುಣಿತಿಲ್ಲ, ಬರೇ ಗುಂಡಿ ಒತ್ತೋದಾತು" ಎಂದು ಆಕಳಿಸಿದರು. ಅಷ್ಟರಲ್ಲಿ ಆ ಮುದುಕ ಬಂದು ನಗುತ್ತಾ ಒಂದು ಮಗುವಿನ ತಲೆ ಸವರಿದ.

"ಇವನಽ ಕೇಡಿ ನೋಡ್ರಿ. ಕಣ್ಣಿನ ಕೆಳಗ ಕೆಂಪು ಗೆರಿ ಐತಿ" ಎಂದಳು ಕುರಿ ಕಾಯುವ ಸುಂಕಮ್ಮ, ಎಲೆಅಡಿಕೆ ಅಗಿಯುತ್ತಾ.

ಹೌದು, ಇತ್ತು. ನಮ್ಮ ಮೇಳದಲ್ಲಿ ಮೋಸಗಾರನ ವೇಷಕ್ಕೆ ಎಳೆಯುವ ಗೆರೆ. ಗುಟ್ಟು ಕಿವಿಗೆ ಬಿದ್ದ ಮೇಲೆ ಹಾಲೇಶಪ್ಪನ ಕೈ ಅಭ್ಯಾಸಬಲದಿಂದ ಎಳೆದುಬಿಟ್ಟಿತ್ತು. ಉಳಿದವರೂ, "ಹೌದಲ್ಲ, ಮೋಸಗಾರ ಅದಾನ" ಎಂದರು. ಹಾಲೇಶಪ್ಪ ಬೆವತು ಹೋದ.

"ಅಣ್ಣ, ನಾಡಿಗೆಲ್ಲ ಗೊತ್ತಾಗಿರತೈತಿ. ನನ್ನ ಕೆಲಸ ಹೋತು" ಎಂದ ಹೊರಗೆ ಬಂದು. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಪೋಸ್ಟಿನವನನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದ. ಅವನ ಹೆಂಡತಿ ಸೌಭಾಗ್ಯ ಬಂದು ಅತ್ತಳು. ನನಗೂ ತಲೆ ಕೆಟ್ಟಿತು. ಗುರುವಾರ ಅವನನ್ನು ಹರಪನಹಳ್ಳಿಯ ಎಸ್‌ಟಿಡಿ ಅಂಗಡಿಗೆ ಎಳೆದುಕೊಂಡು ಹೋಗಿ, "ಮಾಡಲೇ ಫೋನು, ತಪ್ಪಾತು ಅನ್ನು" ಎಂದೆ.

ಗಾಜಿನಾಚೆ ಅವನು ತಲೆ ತಗ್ಗಿಸಿ ಮಾತಾಡಿದ. ಆಮೇಲೆ ಬರೀ ಕೇಳಿಸಿಕೊಂಡ. ಹೊರಬಂದಾಗ ಮುಖ ಸಪ್ಪಗಿತ್ತು.

"ಏನಂದ್ರು?"

"ಉಳಿದ ಹನ್ನೆರಡಕ್ಕೂ ಬಾ ಅಂದ್ರು."

"ಮತ್ತ ಗೆರಿ?"

"ಯಾವ ಗೆರಿ ಅಂತ ನಕ್ಕರು. ಅಲ್ಲಿ ಯಾರಿಗೂ ಕಂಡೇ ಇಲ್ಲಂತ."

ನನಗೆ ಉಸಿರು ಬಂದಂತಾಯಿತು. ಬೆನ್ನು ತಟ್ಟಲು ಹೋದರೆ ಅವನ ಕಣ್ಣು ತುಂಬಿತ್ತು.

"ಅಷ್ಟು ದೊಡ್ಡ ಊರಾಗ ಒಬ್ಬ ಸುಂಕಮ್ಮನೂ ಇಲ್ಲೇನಣ್ಣ?" ಎಂದ.