ಬಾನೆಟ್ ತೆಗೆಸಿದ ಫೋಟೋ

ಆಗೆಲ್ಲ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಯಾವ ವಾದ ಹುಟ್ಟಿದರೂ ಅದು ಮುಗಿಯುತ್ತಿದ್ದದ್ದು ನಮ್ಮಪ್ಪನ ಪೇಪರ್ ಅಂಗಡಿ ಮುಂದೆ. "ಪೇಪರ್‌ನಾಗೇ ಬಂದೈತೆ, ನೋಡ್ಕಳ್ರೀ" ಅಂತ ಒಬ್ಬ ಬೆರಳಿಟ್ಟು ತೋರಿಸಿದರೆ, ಇನ್ನೊಬ್ಬ ಬಾಯಿ ಮುಚ್ಚಿಕೊಂಡು ಪಕ್ಕದಂಗಡಿಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋಗುತ್ತಿದ್ದ. ಅಚ್ಚಾದ ಮೇಲೆ ಮುಗಿಯಿತು, ಅದು ನಿಜ. ನಾನೂ ಹಾಗೇ ನಂಬಿದ್ದೆ.

ನನಗಿದ್ದದ್ದು ಒಂದೇ ಹುಚ್ಚು, ಕಾರುಗಳ ಬಗ್ಗೆ ತಿಂಗಳಿಗೊಮ್ಮೆ ಬರುತ್ತಿದ್ದ ಇಂಗ್ಲಿಷ್ ಮ್ಯಾಗಜೀನು. ಅದರ ಹೆಸರೆತ್ತಲು ಈಗಲೂ ನನಗೆ ಮನಸ್ಸಿಲ್ಲ. ಮಾರಾಟವಾಗದ ಪ್ರತಿಗಳ ಮುಖಪುಟದಲ್ಲಿ ಹೆಸರಿರುವ ಭಾಗವನ್ನಷ್ಟೇ ಕತ್ತರಿಸಿ ಏಜೆಂಟರಿಗೆ ವಾಪಸ್ ಕಳಿಸಿದರೆ ಅಪ್ಪನಿಗೆ ಲೆಕ್ಕ ಚುಕ್ತಾ. ಉಳಿದ ತಲೆಯಿಲ್ಲದ ಪುಸ್ತಕಗಳೆಲ್ಲ ನನ್ನ ಆಸ್ತಿ. ಮೊದಮೊದಲು ಅದು ತೆಳ್ಳಗೆ ಕಪ್ಪುಬಿಳುಪಿನಲ್ಲಿ ಬರುತ್ತಿತ್ತು, ಕಾರ್ಬುರೇಟರ್ ತೊಳೆಯುವುದು ಹೇಗೆ ಅಂತೆಲ್ಲ ಹೇಳಿಕೊಡುತ್ತಿತ್ತು. ಆಮೇಲೆ ಬಣ್ಣ ಬಂತು, ಜಾಹೀರಾತು ಬಂತು, ಅವಾರ್ಡು ಬಂತು. ಬಂಡಲ್ ಬಿಚ್ಚಿದಾಗ ಏಳುವ ಶಾಯಿಯ ವಾಸನೆಗೆ ನಾನು ಸ್ಕೂಲು ಬಿಟ್ಟ ತಕ್ಷಣ ಓಡಿ ಬರುತ್ತಿದ್ದೆ. ‘ವರ್ಷದ ಕಾರು’ ಯಾವ ವರ್ಷ ಯಾವುದಕ್ಕೆ ಸಿಕ್ಕಿತು ಅಂತ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಮಗ್ಗಿ ಮಾತ್ರ ಬರುತ್ತಿರಲಿಲ್ಲ.

ಅಂಗಡಿಯ ಎದುರೇ ಟ್ಯಾಕ್ಸಿ ಸ್ಟ್ಯಾಂಡು. ಅಲ್ಲಿ ಮೊದಲನೇ ಜಾಗ ಬಷೀರ್ ಮಾಮನ ಬಿಳಿ ಅಂಬಾಸಿಡರಿಗೆ. ಕಡೂರಿನ ಮದುವೆಗೆ ಹುಡುಗಿ ಹೋಗುವುದು ಅದರಲ್ಲಿ, ಅಜ್ಜಂಪುರದಿಂದ ಬಸುರಿಯನ್ನು ಕರೆತರುವುದು ಅದರಲ್ಲಿ. ದಾರಿಯಲ್ಲಿ ಕೆಟ್ಟು ನಿಂತಿದ್ದೇ ಇಲ್ಲ ಅನ್ನುವುದು ಅದರ ಹೆಸರು, ಮಾಮನ ಹೊಟ್ಟೆಪಾಡೂ ಅದೇ. ನಾನು ಕಣ್ಣು ಮುಚ್ಚಿ ಕೂರುವುದು, ಬರುವ ಗಾಡಿ ಯಾವುದೆಂದು ಸದ್ದಿನಲ್ಲೇ ಹೇಳುವುದು, ಇದು ನಮ್ಮಿಬ್ಬರ ಆಟ. ಗೆದ್ದರೆ ನನಗೆ ಕಡಲೆಮಿಠಾಯಿ. ಅಂಬಾಸಿಡರ್ ಬಂದಾಗ ಮಾತ್ರ ಮಿಠಾಯಿ ಇಲ್ಲ. "ನಮ್ಮನೆ ಗಾಡಿ ಗುರ್ತು ಹಿಡಿಯೋದೇನು ದೊಡ್ ವಿಷ್ಯ ಬಿಡಮ್ಮ" ಅನ್ನುತ್ತಿದ್ದ.

ಆ ಮ್ಯಾಗಜೀನಿನ ಕೊನೇ ಪುಟದಲ್ಲಿ ಇನ್ನೊಂದು ಪುಟ್ಟ ಅವಾರ್ಡ್ ಇತ್ತು, ಚೆನ್ನಾಗಿ ಸಾಕಿದ ಹಳೇ ಕಾರಿಗೆ. ಓದುಗರು ಪತ್ರ ಬರೆಯಬಹುದಿತ್ತು. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನಾನು ಡಿಕ್ಷನರಿ ಹಿಡಿದು ಕೂತು ಮಾಮನ ಗಾಡಿಯ ಬಗ್ಗೆ ಬರೆದೇಬಿಟ್ಟೆ. ರಜೆ ಮುಗಿಯುವ ಮೊದಲೇ, ಯಾರೂ ನಂಬುವುದಿಲ್ಲ, ಅವರು ಬಂದೇಬಿಟ್ಟರು! ಹೊಸ ಕೆಂಪು ಕಾರು, ಕ್ಯಾಮೆರಾ ಹಿಡಿದ ಒಬ್ಬ, ತಂಪು ಕನ್ನಡಕದ ಸಂಪಾದಕ.

"ಪತ್ರ ಬರೆದಿದ್ದು ನೀನೇನಾ ಪುಟ್ಟಾ? ಭೇಷ್" ಅಂದ ಸಂಪಾದಕ. ಮಾಮನ ಕಡೆ ತಿರುಗಿ, "ಈ ವರ್ಷದ್ದು ನಿಮಗೇ ಅಂದ್ಕೊಳ್ಳಿ" ಅಂದ. ಇದು ನನ್ನ ಕಿವಿಯಲ್ಲಿ ಕೇಳಿದ ಮಾತು.

ಕೆಮ್ಮಣ್ಣುಗುಂಡಿ ದಾರಿಯಲ್ಲಿ ಇಡೀ ದಿನ ಫೋಟೋ. ನಾನು ಅಂಬಾಸಿಡರಿನ ಮುಂದಿನ ಸೀಟಿನಲ್ಲಿ ಕೂತು ಮಹಾರಾಣಿಯ ಹಾಗೆ ಮೆರೆದೆ. ಮಾಮ ಅವರಿಗೆ ಮನೆಯಿಂದ ಪಲಾವು ತರಿಸಿ ತಿನ್ನಿಸಿದ. ಬಾಡಿಗೆ ಅಂತ ಅವರು ಜೇಬಿಗೆ ಕೈ ಹಾಕಿದಾಗ, "ಅವಾರ್ಡ್ ಕೊಡೋರತ್ರ ಬಾಡಿಗೆ ಇಸ್ಕಳ್ಳೋದಾ? ಛೇ, ಬಿಡಿ ಸಾರ್" ಅಂದ. ಕೊನೆಗೆ ಕ್ಯಾಮೆರಾದವನು ಕೇಳಿದ: "ಇಂಜಿನ್ ಸಖತ್ತಾಗಿದೆಯಂತಲ್ಲ, ಒಂದ್ಸಲ ಬಾನೆಟ್ ತೆಗೀರಿ."

ಮಾಮ ಮಗುವಿನ ಮುಖ ತೋರಿಸುವವನ ಹಾಗೆ ಮೆಲ್ಲಗೆ ತೆಗೆದ. ಒಳಗೆಲ್ಲ ಥಳಥಳ. ಮಾಮ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ಇಂಜಿನ್ ನೋಡುತ್ತ ನಿಂತ. ಅದೇ ಹೊತ್ತಿಗೆ ಕೆಂಪು ಕಾರು ಪಕ್ಕದಲ್ಲಿ ಸುಯ್ಯಂತ ಹೋಯಿತು. ಕ್ಯಾಮೆರಾ ಟಕಟಕ ಅಂದಿತು.

ಅವಾರ್ಡಿನ ಸಂಚಿಕೆಗೆ ಅಪ್ಪ ಹೆಚ್ಚಿಗೆ ಪ್ರತಿ ಹೇಳಿಟ್ಟರು. ಬಂಡಲ್ ಬಂದ ದಿನ ಡ್ರೈವರುಗಳು, ಕಂಡಕ್ಟರುಗಳು, ಮಂಡಕ್ಕಿ ಅಂಗಡಿಯವನು ಎಲ್ಲರೂ ಸೇರಿದ್ದರು. ಬಷೀರ್ ಮಾಮ ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿಕೊಂಡು ಬಂದಿದ್ದ. ಅಪ್ಪ ದಾರ ಕತ್ತರಿಸಿದರು.

ಮುಖಪುಟದಲ್ಲೇ ಇತ್ತು. ಕೆಂಪು ಕಾರು ‘ವರ್ಷದ ಕಾರು’ ಆಗಿ ನುಗ್ಗಿ ಬರುತ್ತಿದೆ. ಹಿಂದೆ ರಸ್ತೆ ಪಕ್ಕ ಬಾನೆಟ್ ತೆಗೆದ ಅಂಬಾಸಿಡರು, ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ಬಗ್ಗಿ ನಿಂತ ಮಾಮ. ನೋಡಿದವರು ಯಾರೇ ಆಗಲಿ, ಅಯ್ಯೋ ಪಾಪ ಗಾಡಿ ಕೆಟ್ಟು ನಿಂತಿದೆ ಅನ್ನಬೇಕು.

"ಏನ್ ಬರ್ದವ್ರೆ ಪುಟ್ಟಿ?" ಮಾಮ ಕೇಳಿದ.

"ಕೆಟ್ಟು ನಿಲ್ಲೋ ಕಾಲ ಮುಗೀತು ಅಂತ ಬರ್ದವ್ರೆ ಮಾಮ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ನಾನು ಕೊನೇ ಪುಟದ ತನಕ ತಡಕಿದೆ. ಹಳೇ ಕಾರಿನ ಅವಾರ್ಡನ್ನೇ ಆ ವರ್ಷದಿಂದ ತೆಗೆದುಹಾಕಿದ್ದರು.

"ಕೆಟ್ಟಿರ್ಲಿಲ್ಲ ಅಂತ ನಿಂಗೊತ್ತಲ್ಲಮ್ಮ?" ಅಂದ ಮಾಮ. ಅಷ್ಟು ಜನ ದೊಡ್ಡವರಿದ್ದರೂ ಅವನು ಕೇಳಿದ್ದು ನನ್ನನ್ನು.

"ಗೊತ್ತು ಮಾಮ."

ಕಂಡಕ್ಟರೊಬ್ಬ ನಗುತ್ತ ದುಡ್ಡು ಚಾಚಿದ: "ನಂಗೊಂದ್ ಕೊಡಿ ಯಜಮಾನ್ರೇ."

ಅಪ್ಪನ ವಿಭೂತಿ ಹಣೆ ಗಂಟಿಕ್ಕಿತು. "ಮಾರೋದಿಲ್ಲ, ನಡಿಯೋ" ಅಂದವರೇ ಕತ್ತರಿ ತೆಗೆದುಕೊಂಡು, ಎಲ್ಲರೆದುರೇ ಹೊಸ ಪ್ರತಿಗಳ ತಲೆ ಒಂದೊಂದಾಗಿ ಕತ್ತರಿಸಿದರು. ಆ ಸಂಜೆ ನಾನು ನನ್ನ ಆಸ್ತಿಯನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆ. ಆ ನುಣುಪು ಕಾಗದ ಬೇಗ ಉರಿಯುವುದೂ ಇಲ್ಲ, ಹಾಳಾದ್ದು, ಮನೆಯೆಲ್ಲ ನಾತ. ಅವ್ವ ಬೈದಳು. ನಾನು ಅಳುತ್ತಲೇ ತುರುಕಿದೆ. ನಂಬಿಸಿ ಕುತ್ತಿಗೆ ಕೊಯ್ಯುವುದು ಅಂದರೆ ಏನು ಅಂತ ನನಗೆ ಅವತ್ತು ತಿಳಿಯಿತು.

ನಾವು ಒಂದು ಅಂಗಡಿಯಲ್ಲಿ ಮಾರದಿದ್ದರೆ ಏನಾಗುತ್ತದೆ? ಕಡೂರು ಸ್ಟೇಷನ್ನಿನಲ್ಲಿ ಸಿಗುತ್ತಿತ್ತು. "ದಾರೀಲಿ ಬಾನೆಟ್ ತೆಗಿಯಲ್ಲ ತಾನೆ ಬಷೀರಣ್ಣ?" ಅಂತ ಮದುವೆಗೆ ಗಾಡಿ ಹೇಳಲು ಬಂದವರು ತಮಾಷೆ ಮಾಡುತ್ತಿದ್ದರು. ತಮಾಷೆಯೇ ಇರಬಹುದು, ಆದರೆ ಮುಂಗಡ ಕೊಡುವುದು ಪಕ್ಕದ ಗಾಡಿಗೆ. ಮಾಮ ಮೊದಲನೇ ಜಾಗ ಬಿಟ್ಟು ಮೂಲೆಗೆ ನಿಲ್ಲಿಸತೊಡಗಿದ. ಬಾನೆಟ್ ತೆಗೆಯುವುದಿದ್ದರೆ ಮನೆಯ ಗೇಟು ಹಾಕಿಕೊಂಡು ತೆಗೆಯುತ್ತಿದ್ದ. ಕಡೆಗೊಂದು ದಿನ ಗಾಡಿಯನ್ನೂ ಮಾರಿದ. ನಾನು ಕಣ್ಣು ಮುಚ್ಚಿ ಕೂರುವ ಆಟ ಬಿಟ್ಟೆ.

ಈಗ ಮಾಮನೂ ಇಲ್ಲ, ಅಪ್ಪನೂ ಇಲ್ಲ. ಅಂಗಡಿ ಇದ್ದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆ ಮ್ಯಾಗಜೀನೂ ಅಚ್ಚು ನಿಲ್ಲಿಸಿ ಫೋನಿನೊಳಗೆ ಸೇರಿಕೊಂಡಿದೆ. ಮೊನ್ನೆ ಕಡೂರಿನ ನಮ್ಮ ಮನೆಯಲ್ಲಿ ಮಗ ಫೋನ್ ಹಿಡಿದುಕೊಂಡು ಬಂದ. ‘ನಮ್ಮ ಇತಿಹಾಸ’ ಅಂತ ಅವರು ಎಲ್ಲ ಅವಾರ್ಡುಗಳನ್ನು ಸಾಲಾಗಿ ಹಾಕಿದ್ದಾರೆ. ಮರೆಯಲಾಗದ ಮುಖಪುಟ ಅಂತ ಅದೇ ಫೋಟೋ. ಕಾರಿನ ಹೆಸರಿದೆ, ಕ್ಯಾಮೆರಾದವನ ಹೆಸರಿದೆ. ಮಾಮನ ಹೆಸರಿಲ್ಲ.

"ಇದು ಕೆಟ್ಟಿರಲಿಲ್ಲ ಕಣೋ. ಇಂಜಿನ್ ತೋರಿಸೋಕೆ ತೆಗ್ದಿದ್ದು. ನಾನು ಅಲ್ಲೇ ಇದ್ದೆ" ಅಂದೆ.

ಮಗ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. "ಇರ್ಬೋದಮ್ಮ. ಆದ್ರೆ ಇಲ್ಲಿ ಕೆಟ್ಟು ನಿಂತಿರೋ ಹಂಗೇ ಕಾಣ್ತೈತಲ್ಲ?"

ಅವನ ತಪ್ಪೇನಿದೆ? ಅಂದು ಪುಸ್ತಕ ನಂಬಿದವಳು ನಾನು, ಇಂದು ಫೋನು ನಂಬುವವನು ಅವನು. ಆ ಗಾಡಿ ಕೆಟ್ಟಿರಲಿಲ್ಲ ಅಂತ ಗೊತ್ತಿರುವವಳು ಈಗ ನಾನೊಬ್ಬಳೇ ಉಳಿದಿದ್ದೇನೆ, ನನ್ನ ಮಾತನ್ನು ನನ್ನ ಮಗನೇ ನಂಬುವುದಿಲ್ಲ.